ಮಿತ್ಸುಯೊ ಅಕ್ಕ ಖಾಲಿ ಬಿಟ್ಟ ಹಾಳೆ

ಪಕ್ಕದ ಮನೆಯ ಮಿತ್ಸುಯೊ ಅಕ್ಕನ ಕೈಯಲ್ಲಿ ಯಾವಾಗಲೂ ಒಂದು ಉಪ್ಪಿನ ಮೀಟರು. ಗೇಣುದ್ದದ ಕಡ್ಡಿ, ತುದಿಯನ್ನು ಸಾರಿನಲ್ಲಿ ಅದ್ದಿದರೆ ಉಪ್ಪು ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಪುರಸಭೆಯ ಆರೋಗ್ಯ ವಿಭಾಗದವರು ಕೇರಿಗೊಬ್ಬ ಹೆಂಗಸನ್ನು ಆರಿಸಿ, ತರಬೇತಿ ಕೊಟ್ಟು, ಅದನ್ನು ಕೈಗಿತ್ತು ಮನೆಮನೆಗೆ ಕಳಿಸುತ್ತಿದ್ದರು. ಸಂಬಳ ಗಿಂಬಳ ಏನೂ ಇಲ್ಲ. ಉಳಿದ ಹೆಂಗಸರು ಎರಡು ವರ್ಷ ತಿರುಗಿ ಸಾಕಪ್ಪಾ ಎಂದು ಬಿಟ್ಟರೆ ಅಕ್ಕ ಇಪ್ಪತ್ತಾರು ವರ್ಷ ತಿರುಗಿದಳು.

ನಾನು ಒಸಾಕಾದ ಮೀನಂಗಡಿಯವನ ಮಗಳು. ಮದುವೆಯಾಗಿ ಈ ಬೆಟ್ಟಗಳ ನಡುವಿನ ಕಮಿನೊಸವಕ್ಕೆ ಬಂದು ನಲವತ್ತೊಂದು ವರ್ಷವಾಯಿತು. ಹೆಂಗಸರ ಕೂದಲು ಕತ್ತರಿಸುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಊರು ಬದಲಾದರೂ ಬಾಯಿ ಮಾತ್ರ ಒಸಾಕಾದ್ದೇ ಉಳಿದಿದೆ, ಅದು ಇಲ್ಲಿಯವರಿಗೆಲ್ಲ ಗೊತ್ತು. ಅಕ್ಕ ಮೊದಲ ಸಲ ನನ್ನ ಅಡುಗೆಮನೆಗೆ ನುಗ್ಗಿ, ಮಿಸೊ ಸಾರಿನ ಮುಚ್ಚಳ ತೆಗೆದು ಕಡ್ಡಿ ಅದ್ದಿದ ದಿನವೇ ನಮ್ಮಿಬ್ಬರಿಗೆ ಜಗಳ.

"ಫುಸಾಎ, ಇದು ಸಾರಾ, ಸಮುದ್ರದ ನೀರಾ?"

"ನಿಮ್ಮನೆ ಸಾರು ಕುಡಿದಿದ್ದೀನಿ ಬಿಡಿ ಅಕ್ಕಾ. ಬಟ್ಟಲು ತೊಳೆದ ನೀರಿಗೇ ಅದಕ್ಕಿಂತ ರುಚಿ ಜಾಸ್ತಿ."

"ರುಚಿ ಬೇಕು ಅಂದ್ರೆ ಅಣಬೆ ಹಾಕು. ನಾಳೆ ಮತ್ತೆ ಬರ್ತೀನಿ, ಅಳೀತೀನಿ."

ಬಂದಳು, ಅಳೆದಳು. ಮೂರು ತಿಂಗಳು ಬಿಡಲಿಲ್ಲ. ಪುರಸಭೆ ಅಧ್ಯಕ್ಷರ ಮನೆಗೂ ಹೀಗೆಯೇ ನುಗ್ಗಿ, ಅವರ ತಾಯಿಯ ಉಪ್ಪಿನಕಾಯಿ ಭರಣಿಯನ್ನು ಎತ್ತಿ ಅಟ್ಟಕ್ಕೆ ಹಾಕಿಸಿದವಳು ಅವಳು. ಬೇರೆಯವರ ಮನೆಯ ವಿಷಯಕ್ಕೆ ಅವಳಿಗೆ ನಾಚಿಕೆ, ಸಂಕೋಚ, ಅಂಜಿಕೆ ಮೂರೂ ಇರಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನದನ್ನು ಕೇಳಿ ಅವಳನ್ನು ಪುಕ್ಕಲಿ ಎಂದುಕೊಂಡುಬಿಡುತ್ತೀರಿ.

ಅವಳ ಗಂಡ ಇಸಾಮು-ಸಾನ್ ಮೂವತ್ತು ವರ್ಷ ಪುರಸಭೆಯ ಹಿಮ ಸರಿಸುವ ಗಾಡಿ ಓಡಿಸಿದವರು. ನಮ್ಮೂರಿಂದ ನಗರಕ್ಕೆ ಹೋಗುವ ಘಾಟಿ ದಾರಿಯ ಒಂದೊಂದು ತಿರುವೂ ಅವರಿಗೆ ಬಾಯಿಪಾಠ. ಮನೆಯಲ್ಲಿ ಹೆಂಡತಿ ಕಣ್ಣು ಬಿಡುತ್ತಾಳೆಂದು ಗಾಡಿಯ ಸೀಟಿನ ಕೆಳಗೆ ಉಪ್ಪಿನಕಾಯಿ ಡಬ್ಬಿ, ಸಿಹಿ ಬನ್ನು ಬಚ್ಚಿಟ್ಟು ತಿನ್ನುತ್ತಿದ್ದರಂತೆ. ಸಕ್ಕರೆ ಕಾಯಿಲೆ ಬಂತು. ಆಮೇಲೆ ಕಣ್ಣು ಮಂಜಾಯಿತು, ಅಕ್ಷರ ಕಾಣದಾಯಿತು. ಅರವತ್ತೆಂಟಕ್ಕೆ ಕಿಡ್ನಿ ಕೈಕೊಟ್ಟಿತು. ಅಂದಿನಿಂದ ಮಂಗಳವಾರ, ಗುರುವಾರ, ಶನಿವಾರ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ಗಂಟೆ.

ಜನ ಸುಮ್ಮನಿರುತ್ತಾರೆಯೇ? "ಊರಿಗೆಲ್ಲ ಉಪ್ಪು ಅಳೆದವಳು, ಗಂಡನ ಕಿಡ್ನಿ ಅಳೀಲಿಲ್ಲ ನೋಡು" ಎಂದು ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತೇ ಒಬ್ಬಳು ನಕ್ಕಳು. ಅವಳ ಕೂದಲನ್ನು ಆವತ್ತು ಹೇಳಿದ್ದಕ್ಕಿಂತ ಎರಡು ಬೆರಳು ಗಿಡ್ಡ ಕತ್ತರಿಸಿ ಕಳಿಸಿದೆ. ಆದರೆ ಆ ಮಾತು ಅಕ್ಕನ ಕಿವಿಗೂ ಬಿದ್ದಿತ್ತು. ಮರುದಿನ ಅವಳು ಮೀಟರನ್ನು ಒರೆಸಿ, ಡಬ್ಬಿಗೆ ಹಾಕಿ, ಆರೋಗ್ಯ ವಿಭಾಗಕ್ಕೆ ವಾಪಸು ಕೊಟ್ಟು ಬಂದಳು.

ಎರಡು ವರ್ಷ ಬಿಟ್ಟು, ಒಂದು ಬೇಸಿಗೆಯಲ್ಲಿ, ಅದೇ ಆರೋಗ್ಯ ವಿಭಾಗದ ಮುಖ್ಯಸ್ಥ ಮೊಮೊಸೆ ಸ್ವತಃ ಮನೆಗೆ ಬಂದ. ಊರಿನ ಮುಂದಿನ ಆರು ವರ್ಷದ ಆರೋಗ್ಯ ಯೋಜನೆ ತಯಾರಿಸಬೇಕು, ಜನರನ್ನೂ ಸೇರಿಸಿಕೊಂಡೇ ಮಾಡಬೇಕು ಎಂದು ನಿಯಮವಿದೆ, ಹದಿಮೂರು ಜನರ ಸಮಿತಿಯಲ್ಲಿ ಇಬ್ಬರು ನಾಗರಿಕ ಪ್ರತಿನಿಧಿಗಳು, ನೀವೊಬ್ಬರು ಆಗಬೇಕು ಎಂದು ತಲೆ ತಗ್ಗಿಸಿದ. ಇನ್ನೊಬ್ಬ ಪ್ರತಿನಿಧಿ ಹಿರಿಯರ ಸಂಘದ ಅಧ್ಯಕ್ಷ, ಪಾಪ, ಅವನಿಗೆ ಕಿವಿ ಕೇಳುವುದಿಲ್ಲ.

ಅಕ್ಕ ಮೂರು ಸಲ ಬೇಡವೆಂದಳು. ನಾಲ್ಕನೆಯ ಸಲ ಒಪ್ಪಿದಳು. ಮೊದಲ ಸಭೆಗೆ ಹೋಗುವ ಬೆಳಿಗ್ಗೆ ನನ್ನಲ್ಲಿ ಬಂದು ಕೂದಲು ಸರಿಮಾಡಿಸಿಕೊಂಡಳು. ಸಂಜೆ ಬಂದವಳ ಮುಖ ಊರಗಲವಾಗಿತ್ತು.

"ಶಾಲೆ ಊಟದ ಸಾರಲ್ಲಿ ಇನ್ನೂ ಉಪ್ಪು ಇಳಿಸಬೇಕು ಅಂದೆ ಕಣೆ. ಡಾಕ್ಟ್ರು ಸಮೇತ ಎಲ್ಲ ಬರ್ಕೊಂಡ್ರು!"

"ಮುಗೀತು ಆ ಮಕ್ಕಳ ಕಥೆ" ಎಂದೆ ನಾನು.

ಎರಡನೆಯ ಸಭೆಯಿಂದ ಅವಳು ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಏನು ಮಾತಾಯಿತು ಎಂದರೆ "ಸಭೆ ವಿಷಯ ಬೀದೀಲಿ ಆಡಬಾರದು" ಎಂದು ಬಾಗಿಲು ಹಾಕಿಕೊಂಡಳು. ಓಹೋ, ದೊಡ್ಡ ಮನುಷ್ಯಳಾದಳಪ್ಪಾ ಎಂದು ನನಗೆ ಸಿಟ್ಟು ಬಂತು. ಒಂದು ವಾರ ಮಾತು ಬಿಟ್ಟೆ.

ಅಕ್ಟೋಬರಿನಲ್ಲಿ ಸುತ್ತುಹಲಗೆ ಬಂತು. ಪುರಸಭೆಯ ನೋಟೀಸುಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿದ ಹಲಗೆ ಅದು. ಒಂದು ಮನೆಯವರು ಓದಿ, ಮನೆಯ ಮೊಹರು ಒತ್ತಿ, ಪಕ್ಕದ ಮನೆಯ ಬಾಗಿಲಲ್ಲಿಟ್ಟು ಬರಬೇಕು. ನಮ್ಮ ಕೇರಿಯಲ್ಲಿ ಒಂಬತ್ತು ಮನೆ. ಯಾರ ಮನೆಯಲ್ಲೂ ಅದು ಒಂದು ದಿನಕ್ಕಿಂತ ಹೆಚ್ಚು ಕೂರಬಾರದು. ಕೂತರೆ ಆ ಮನೆಯವರು ಸೋಮಾರಿಗಳು ಎಂದು ಹೆಸರು ಬೀಳುತ್ತದೆ. ಆ ವರ್ಷ ಸರದಿಯ ಮೊದಲನೆಯ ಮನೆ ಅಕ್ಕನದು, ಎರಡನೆಯದು ನನ್ನದು.

ಹಲಗೆಯಲ್ಲಿ ಯೋಜನೆಯ ಕರಡು ಇತ್ತು. ಮೂವತ್ತು ಪುಟ. ಹನ್ನೊಂದನೆಯ ಪುಟದಲ್ಲಿ, ಊರಿನ ಆಸ್ಪತ್ರೆಯ ಡಯಾಲಿಸಿಸ್ ಸೇವೆಯನ್ನು ಮಾರ್ಚ್ ಕೊನೆಗೆ ನಗರದ ಆಸ್ಪತ್ರೆಯ ಜೊತೆ ವಿಲೀನ ಮಾಡಲಾಗುವುದು ಎಂದಿತ್ತು. ವಿಲೀನವಂತೆ! ಮುಚ್ಚುತ್ತೇವೆ ಎಂದು ಬರೆಯಲು ಏನು ದಾಡಿ? ಕಿಡ್ನಿ ಡಾಕ್ಟರಿಗೆ ಎಪ್ಪತ್ತಾಯಿತು, ಅವರ ಜಾಗಕ್ಕೆ ಯಾರೂ ಬರುತ್ತಿಲ್ಲ, ಆರು ಯಂತ್ರಗಳೂ ಹಳೆಯವಾದವು ಎಂದು ಕಾರಣ ಕೊಟ್ಟಿದ್ದರು. ಕೊನೆಯಲ್ಲಿ ಗೆರೆ ಎಳೆದ ಒಂದು ಹಾಳೆ. ಯಾರ್‍ಯಾರಿಗೆ ಏನೇನು ಅಭಿಪ್ರಾಯವಿದೆಯೋ ತಮ್ಮ ಮನೆಯ ಮೊಹರಿನ ಎದುರು ಬರೆಯಬೇಕು, ಎರಡು ವಾರದಲ್ಲಿ ಪುರಸಭೆಗೆ ತಲುಪಬೇಕು.

ನಾನು ಓದಿ ಎದೆ ಒಡೆದುಕೊಂಡೆ. ಘಾಟಿ ದಾಟಿ ನಗರಕ್ಕೆ ಒಂದೂಕಾಲು ಗಂಟೆ. ಹಿಮ ಬಿದ್ದರೆ ಎರಡೂವರೆ. ಹೆಚ್ಚು ಬಿದ್ದರೆ ದಾರಿಯೇ ಬಂದ್. "ಚಳಿಗಾಲಕ್ಕೆ ಒಂಬತ್ತು ದಿನ ಆ ದಾರಿ ಮುಚ್ಚುತ್ತೆ, ದೇವರು ಬಂದ್ರೂ ತೆರೆಯೋಕಾಗಲ್ಲ" ಎಂದು ಇಸಾಮು-ಸಾನ್ ಯಾವಾಗಲೂ ಹೇಳುತ್ತಿದ್ದರು. ಎರಡು ಸಲ ಡಯಾಲಿಸಿಸ್ ತಪ್ಪಿದರೆ ಆ ಮನುಷ್ಯ ಉಳಿಯುವುದು ಕಷ್ಟ. ಅವರಂಥವರು ಊರಿನಲ್ಲಿ ಹನ್ನೊಂದು ಜನ.

ಪೆನ್ನು ಹಿಡಿದೆ. ಆಗ ಹಾಳೆಯ ಮೊದಲ ಸಾಲು ನೋಡಿದೆ. ಅಕ್ಕನ ಮನೆಯ ಕೆಂಪು ಮೊಹರು ನೆಟ್ಟಗೆ ಬಿದ್ದಿತ್ತು. ಎದುರಿನ ಜಾಗ ಖಾಲಿ.

ಗಂಡನನ್ನೇ ಅಲ್ಲಿ ಮಲಗಿಸುವವಳು ಏನೂ ಬರೆದಿಲ್ಲ. ಸಮಿತಿಯಲ್ಲಿ ಕೂತವಳು ಬರೆದಿಲ್ಲ. ಹಾಗಾದರೆ ಒಳಗೊಳಗೇ ಏನೋ ವ್ಯವಸ್ಥೆಯಾಗಿದೆ, ಹೊಸ ಡಾಕ್ಟರು ಬರುತ್ತಾರೋ ಏನೋ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದುಕೊಂಡೆ. ಅವಳೇ ಸುಮ್ಮನಿರುವಾಗ ಒಸಾಕಾದ ಬಾಯಿಬಡುಕಿ ಮೊದಲು ಬರೆದಳು ಎಂದು ಯಾಕೆ ಅನ್ನಿಸಿಕೊಳ್ಳಲಿ? ಮೊಹರು ಒತ್ತಿದೆ. ಹಲಗೆಯನ್ನು ಮೂರನೆಯ ಮನೆಯ ಬಾಗಿಲಲ್ಲಿಟ್ಟು ಬಂದೆ.

ಥೂ, ನನ್ನ ಬುದ್ಧಿಗಿಷ್ಟು!

ಇಷ್ಟೇ ಆಗಿದ್ದರೆ ಒಂಬತ್ತು ಮನೆಗೆ ಮುಗಿಯುತ್ತಿತ್ತು. ಆ ಎರಡು ವಾರ ಬೇರೆ ಕೇರಿಯ ಹೆಂಗಸರು ನನ್ನ ಕುರ್ಚಿಯಲ್ಲಿ ಕೂತು ಕೇಳಿದರು, "ನಿಮ್ಮ ಕೇರಿಯವರು ಡಯಾಲಿಸಿಸ್ ಬಗ್ಗೆ ಏನ್ ಬರೆದ್ರಿ?" ನಾನು ಕತ್ತರಿ ಆಡಿಸುತ್ತಾ, ಎಲ್ಲ ತಿಳಿದವಳ ಹಾಗೆ, "ಮಿತ್ಸುಯೊ ಅಕ್ಕನೇ ಏನೂ ಬರೆದಿಲ್ಲ. ಅಂದ್ಮೇಲೆ ಏನೋ ದಾರಿ ಆಗಿರುತ್ತೆ ಬಿಡಿ" ಎಂದೆ. ಎಷ್ಟು ಜನಕ್ಕೆ ಹೇಳಿದೆನೋ ನನಗೇ ಲೆಕ್ಕವಿಲ್ಲ.

ಡಿಸೆಂಬರಿನಲ್ಲಿ ಕೊನೆಯ ಸಭೆ. ಮಧ್ಯಾಹ್ನ ಎರಡು ಗಂಟೆಗೆ, ಪುರಸಭೆಯ ಮೂರನೆಯ ಮಹಡಿಯಲ್ಲಿ. ಸಾರ್ವಜನಿಕರು ಕೂತು ನೋಡಲು ಐದು ಕುರ್ಚಿ ಹಾಕಿರುತ್ತಾರೆ, ಯಾರೂ ಹೋಗುವುದಿಲ್ಲ. ಅಕ್ಕನನ್ನು ಕಾರಿನಲ್ಲಿ ಬಿಡಲು ಹೋದವಳು ಹೊರಗೆ ಚಳಿ ತಡೆಯಲಾರದೆ ಒಳಗೆ ಹೋಗಿ ಒಂದು ಕುರ್ಚಿಯಲ್ಲಿ ಕೂತೆ.

ಮೊಮೊಸೆ ಎದ್ದು ನಿಂತು ಓದಿದ. "ಕರಡನ್ನು ಊರಿನ ಎಲ್ಲಾ ಮನೆಗಳಿಗೂ ತಲುಪಿಸಲಾಗಿದೆ. ಎಲ್ಲಾ ಮನೆಗಳೂ ಮೊಹರು ಒತ್ತಿವೆ. ಬಂದ ಅಭಿಪ್ರಾಯಗಳು ಮೂರು. ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಲು ಜಾಗ ಸಾಲದು. ಕಾಫಿ ಯಂತ್ರ ಕೆಟ್ಟಿದೆ. ನರ್ಸುಗಳು ತುಂಬಾ ಒಳ್ಳೆಯವರು. ಹನ್ನೊಂದನೆಯ ಪುಟದ ಬಗ್ಗೆ ಅಭಿಪ್ರಾಯ ಬಂದಿಲ್ಲ."

ಅಕ್ಕ ತಲೆಯೆತ್ತಿದಳು. ಆ ಮುಖವನ್ನು ನಾನು ನೋಡಿದೆ. ಅವಳಿಗೆ ಇದು ಗೊತ್ತಿರಲಿಲ್ಲ. ಅವಳು ಬೇರೇನನ್ನೋ ಕಾಯುತ್ತಿದ್ದಳು.

ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು, ತುಂಬಾ ಸಭ್ಯರು. "ನಾಗರಿಕ ಪ್ರತಿನಿಧಿಗಳು ಏನಾದರೂ ಹೇಳುವುದಿದೆಯೇ?" ಎಂದು ಅವಳ ಕಡೆ ತಿರುಗಿದರು. ಹನ್ನೆರಡು ಜನ ಅವಳನ್ನೇ ನೋಡಿದರು. ಅವರೆಲ್ಲರಿಗೂ ಅವಳ ಗಂಡ ಯಾರೆಂದು ಗೊತ್ತು. ಅವಳು ಎದ್ದಳು. ಮೇಜಿನ ಅಂಚು ಹಿಡಿದುಕೊಂಡಳು. ಮಾತಾಡೇ ಮಾರಾಯ್ತಿ, ಮಾತಾಡು ಎಂದು ನಾನು ಹಿಂದೆ ಕೂತು ಕೋಟಿನ ಅಂಚನ್ನು ಹಿಂಡುತ್ತಿದ್ದೆ.

"ವಿಶೇಷವಾಗಿ ಏನೂ ಇಲ್ಲ" ಎಂದಳು. ಕೂತಳು.

ಕಾರಿನಲ್ಲಿ ನಾನು ಬಾಯಿಗೆ ಬಂದಂತೆ ಬೈದೆ.

"ಏನಕ್ಕಾ, ಗಂಡ ಬೇಡವಾದ್ನಾ? ಪರರ ಮನೆ ಸಾರಿಗೆ ಕೈ ಹಾಕೋಕೆ ಬರುತ್ತೆ, ಇದಕ್ಕೆ ಬಾಯಿ ಬರಲ್ವಾ?"

"ಪರರ ಮನೆ ವಿಷಯ ಆದ್ರೆ ಆಡ್ತಿದ್ದೆ ಫುಸಾಎ" ಎಂದಳು. "ಇದು ನಮ್ಮನೇದು. ಊರಿನ ಪರವಾಗಿ ಕೂತ್ಕೋ ಅಂತ ಕರೆದ್ರೆ ನಾನು ನನ್ನ ಗಂಡನ ಆಸ್ಪತ್ರೆ ಮಂಚ ಕೇಳ್ತಾ ಕೂರ್ಲಾ? ಈ ಉಪ್ಪಿನವಳು ತನ್ನ ಮನೆ ಬೇಳೆ ಬೇಯಿಸಿಕೊಳ್ಳೋಕೇ ಸಮಿತಿ ಸೇರಿದ್ಲು ಅನ್ನಲ್ವಾ ಜನ? ಉಳಿದ ಹತ್ತು ಜನಕ್ಕೂ ಮನೆಯವರಿದ್ದಾರೆ, ನೆಂಟರಿದ್ದಾರೆ. ಅವರು ಬರೀತಾರೆ, ನೀವೆಲ್ಲ ಬರೀತೀರ ಅಂದ್ಕೊಂಡೆ. ಇಪ್ಪತ್ತು ಜನ ಬರೆದಿದ್ರೆ, ಜನ ಹೀಗಂತಾರೆ ಅಂತ ಎದ್ದು ಓದೋಳಿದ್ದೆ. ಓದೋಕೆ ಅಭ್ಯಾಸನೂ ಮಾಡಿದ್ದೆ." ಸ್ವಲ್ಪ ತಡೆದು ಕೇಳಿದಳು, "ನೀನು ಯಾಕೆ ಬರೀಲಿಲ್ಲ?"

ನಾನು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಬೇಕಾಯಿತು. "ನೀನು ಬರೆದಿರ್ಲಿಲ್ವಲ್ಲಾ ಅಕ್ಕಾ" ಎಂದೆ.

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳು ಕೈಚೀಲವನ್ನು ಮುಖಕ್ಕೆ ಒತ್ತಿಕೊಂಡಳು. ಅಳಲಿಲ್ಲ. ಗಾಜಿನ ಮೇಲೆ ಹಿಮ ಬೀಳುತ್ತಿತ್ತು.

ಮರುದಿನ ಇಬ್ಬರೂ ಮೊಮೊಸೆಯ ಮೇಜಿನ ಮುಂದೆ ನಿಂತೆವು. ಈ ಸಲ ಅಕ್ಕ ಎಲ್ಲ ಹೇಳಿದಳು. ಹನ್ನೊಂದು ಜನರ ಹೆಸರು, ಯಾರಿಗೆ ಎಷ್ಟು ವಯಸ್ಸು, ಯಾರ ಮನೆಯಲ್ಲಿ ಕಾರು ಓಡಿಸುವವರಿಲ್ಲ, ಎಲ್ಲವನ್ನೂ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕೂಗಾಡಿ ಹಗುರಾಗಬಹುದಿತ್ತು. ಎದ್ದು ನಿಂತು, ಸೊಂಟ ಬಗ್ಗಿಸಿ, ಟೀ ತರಿಸಿ, ಪೂರ್ತಿ ಕೇಳಿಸಿಕೊಂಡ.

"ಅಭಿಪ್ರಾಯ ಕೊಡೋ ಅವಧಿ ಅಕ್ಟೋಬರಲ್ಲೇ ಮುಗೀತು. ಸಮಿತಿ ಒಪ್ಪಿ ಆಯ್ತು. ಆದ್ರೂ ನೀವು ಹೇಳಿದ್ದನ್ನ ಗಮನದಲ್ಲಿ ಇಟ್ಕೋತೀವಿ" ಎಂದ. ವಾರಕ್ಕೆ ಮೂರು ದಿನ ನಗರಕ್ಕೆ ವ್ಯಾನು ಬಿಡುತ್ತೇವೆ ಎಂದ.

"ದಾರಿ ಮುಚ್ಚಿದ ದಿನ?" ಎಂದೆ ನಾನು.

"ಆ ದಿನ ವ್ಯಾನ್ ಇರಲ್ಲ" ಎಂದ. ಮತ್ತೆ ಸೊಂಟ ಬಗ್ಗಿಸಿದ.

"ಇದೆಲ್ಲ ಮೊದಲೇ ಹೇಳಿದ್ರೆ ಏನಾದ್ರೂ ಆಗ್ತಿತ್ತಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಮೊಮೊಸೆ ನೆಲ ನೋಡಿದ. "ಒಂದೆರಡು ವರ್ಷ ಮುಂದೆ ಹಾಕಬಹುದಿತ್ತೇನೋ. ಗೊತ್ತಿಲ್ಲ ಮಿತ್ಸುಯೊ-ಸಾನ್. ನಿಜವಾಗ್ಲೂ ಗೊತ್ತಿಲ್ಲ."

ಆ ಗೊತ್ತಿಲ್ಲ ಎನ್ನುವುದನ್ನು ಹೊತ್ತುಕೊಂಡು ಅವಳು ಮನೆಗೆ ಬಂದಳು. ಬಾಗಿಲಲ್ಲೇ ಇಸಾಮು-ಸಾನ್ ಕೇಳಿದರಂತೆ, "ನಿನ್ನೆ ಸಭೇಲಿ ನಮ್ಮ ವಿಷಯ ಹೇಳ್ದೇನೇ?" ಅವಳು "ಹೇಳ್ದೆ" ಎಂದಳಂತೆ. ಅವಳು ಗಂಡನಿಗೆ ಸುಳ್ಳು ಹೇಳಿದ್ದು ಅದೇ ಮೊದಲು ಎಂದು ನನಗೆ ಹೇಳಿದಳು. ನಾನು ಏನು ಸಮಾಧಾನ ಹೇಳಲಿ? ನನಗೇ ಸಮಾಧಾನವಿರಲಿಲ್ಲ.

ಹೇಳ್ದೆ ಎಂಬ ಆ ಒಂದು ಮಾತು ಇಸಾಮು-ಸಾನ್ ಅವರಿಗೆ ಸಾಕಾಯಿತು. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದವರಿಗೆಲ್ಲ, "ನಮ್ಮವಳು ಅಷ್ಟು ಜನರೆದುರು ನಮಗೋಸ್ಕರ ಹೊಡೆದಾಡಿದ್ಲು. ಆಗಲಿಲ್ಲ, ಏನ್ ಮಾಡೋದು" ಎಂದು ಹೇಳಿಕೊಂಡು ತಿರುಗಿದರು. ಸಣ್ಣ ಊರು, ಅಲ್ಲಿದ್ದವರಿಗೆ ಸಭೆಯ ಸಂಗತಿ ಗೊತ್ತಿತ್ತು. ಆದರೂ ಹೌದಾ, ಹೌದಾ ಎಂದು ತಲೆಯಾಡಿಸಿದರಂತೆ.

ಫೆಬ್ರವರಿಯಲ್ಲಿ ಪುರಸಭೆಯ ಮಾಸಪತ್ರಿಕೆ ಎಲ್ಲ ಮನೆಗೂ ಬಂತು. ಒಂದು ಸೋಮವಾರ, ಅಂಗಡಿಗೆ ರಜೆ, ಕೊಯ್ದಿಟ್ಟ ಸೊಪ್ಪು ಕೊಡಲು ಅವರ ಮನೆಗೆ ಹೋದೆ. ಇಸಾಮು-ಸಾನ್ ಕಾಲು ಬೆಚ್ಚಗಿಡುವ ತಗ್ಗು ಮೇಜಿನೊಳಗೆ ಕಾಲು ಚಾಚಿ ಕೂತಿದ್ದರು. ಅಕ್ಕ ಒಳಗೆ ಟೀ ಮಾಡುತ್ತಿದ್ದಳು.

"ಬಾ ಫುಸಾಎ-ಸಾನ್, ಒಳ್ಳೇ ಸಮಯಕ್ಕೆ ಬಂದೆ" ಎಂದು ಪತ್ರಿಕೆಯನ್ನು ನನ್ನ ಕಡೆ ತಳ್ಳಿದರು. "ಇದರಲ್ಲಿ ಸಮಿತೀದು ಬಂದಿದೆಯಂತೆ. ಇವಳಿಗೆ ಓದು ಅಂದ್ರೆ ಮೂರು ದಿನದಿಂದ ಕನ್ನಡಕ ಸಿಗ್ತಿಲ್ಲ ಅಂತಾಳೆ. ನಾಚಿಕೆ ಅವಳಿಗೆ. ನೀನು ಓದು. ಅವಳು ಮಾತಾಡಿದ್ದು ಎಲ್ಲಿದೆ ನೋಡು."

ನಾಲ್ಕನೆಯ ಪುಟದಲ್ಲಿತ್ತು. ಒಂದೇ ಸಾಲು. ನಾಗರಿಕ ಪ್ರತಿನಿಧಿಗಳಿಂದ ವಿಶೇಷ ಅಭಿಪ್ರಾಯ ಬಂದಿಲ್ಲ.

ಒಳಗೆ ಬಟ್ಟಲಿನ ಸದ್ದು ನಿಂತಿತು.

ನಾನು ಎಂಥ ಬಾಯಿಬಡುಕಿಯಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂದು ಹೆಸರು ಮಾಡಿದವಳು. ಗಂಟಲು ಸರಿಮಾಡಿಕೊಂಡು ಓದತೊಡಗಿದೆ. "ನಾಗರಿಕ ಪ್ರತಿನಿಧಿ ಎದ್ದು ಹೀಗೆ ಹೇಳಿದರು. ನಮ್ಮೂರಿನಲ್ಲಿ ಹನ್ನೊಂದು ಜನ ಈ ಯಂತ್ರಗಳ ಮೇಲೆ ಬದುಕಿದ್ದಾರೆ. ಅವರಲ್ಲಿ ನನ್ನ ಗಂಡನೂ ಒಬ್ಬ, ಅದನ್ನು ನಾನು ಮುಚ್ಚಿಡುವುದಿಲ್ಲ. ಘಾಟಿ ದಾರಿ ಚಳಿಗಾಲಕ್ಕೆ ಒಂಬತ್ತು ದಿನ ಮುಚ್ಚುತ್ತದೆ. ಮೂವತ್ತು ವರ್ಷ ಆ ದಾರಿಯ ಹಿಮ ಸರಿಸಿ ಊರಿನವರನ್ನು ಆಚೆ ದಾಟಿಸಿದವನು ಅವನೇ. ಈಗ ಅವನನ್ನು ದಾಟಿಸುವವರು ಯಾರು? ನೀವು ಉತ್ತರ ಕೊಡುವವರೆಗೆ ನಾನು ಕೂರುವುದಿಲ್ಲ." ಸಾಲು ಖಾಲಿಯಾದ ಮೇಲೂ ಕಣ್ಣನ್ನು ಕಾಗದದ ಮೇಲೆಯೇ ಆಡಿಸುತ್ತಿದ್ದೆ. "ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು" ಎಂದು ಸೇರಿಸಿ ಮುಗಿಸಿದೆ.

ಇಸಾಮು-ಸಾನ್ ಮಂಜುಗಣ್ಣನ್ನು ನನ್ನ ಧ್ವನಿಯ ಕಡೆಗೇ ನೆಟ್ಟಿದ್ದರು. "ಒಂಬತ್ತು ದಿನ ಅನ್ನೋದನ್ನೂ ಬಿಟ್ಟಿಲ್ಲ ನೋಡು ಅವಳು" ಎಂದರು.

ಅಷ್ಟರಲ್ಲಿ ಅಕ್ಕ ಟೀ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಕಾಲಸಪ್ಪಳ ಕೇಳಿ ಅವರು ಮೇಜಿನಿಂದ ಕಾಲು ಹೊರಗೆಳೆದರು. ಕಷ್ಟಪಟ್ಟು ಮೊಣಕಾಲು ಮಡಚಿದರು. ಊದಿದ ಕಾಲು, ಮಡಚಲು ಬರುವುದಿಲ್ಲ, ಆದರೂ ಮಡಚಿ ನೆಟ್ಟಗೆ ಕೂತು, ಎರಡೂ ಅಂಗೈಯನ್ನು ಚಾಪೆಯ ಮೇಲೆ ಊರಿ, ಹಣೆಯನ್ನು ಹೆಂಡತಿಯ ಕಾಲ ಬಳಿ ನೆಲಕ್ಕೆ ತಾಗಿಸಿದರು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಅವಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ನನ್ನಿಂದ ನಿನಗೆ ತುಂಬಾ ಕಷ್ಟ ಆಯ್ತು ಕಣೇ" ಎಂದರು. "ಇಷ್ಟು ಹೇಳಿದ್ಯಲ್ಲ. ಇಷ್ಟು ಹೇಳಿದ್ಮೇಲೂ ಅವರು ಕೇಳಲಿಲ್ಲ ಅಂದ್ರೆ ಇನ್ನು ನಮ್ಮ ಕೈಲಿ ಏನಿದೆ? ಏಪ್ರಿಲಿಂದ ವ್ಯಾನಲ್ಲಿ ಹೋಗ್ತೀನಿ. ದಾರಿ ಮುಚ್ಚಿದ ದಿನ ಮನೇಲಿರ್ತೀನಿ. ನನಗೆ ಯಾರ ಮೇಲೂ ಬೇಜಾರಿಲ್ಲ."

ಅಕ್ಕ ಬಾಯಿ ತೆರೆದಳು. ಟೀ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಅನ್ನಿಸಿತು, ಬೇಡವೇ ಬೇಡ ಎಂದೂ ಅನ್ನಿಸಿತು. ಅವರ ಹಣೆ ಇನ್ನೂ ನೆಲದ ಮೇಲೆಯೇ ಇತ್ತು.

"ಏಳಿ, ಕಾಲು ನೋಯುತ್ತೆ" ಎಂದಳು ಅಕ್ಕ.